ಅಲಾಯ್ ವೀಲ್‌ಗೆ ಲಾಕ್ ನಟ್ ಹಾಕಿಸಬೇಕಾ, ಬೇಡವಾ?

ರಾಜಾಜಿನಗರ_ಐ20

ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಪಕ್ಕದ ಕ್ರಾಸ್‌ನಲ್ಲಿ ರಾತ್ರೋರಾತ್ರಿ ಒಂದು ಕಾರಿನ ನಾಲ್ಕೂ ಅಲಾಯ್ ವೀಲ್ ಬಿಚ್ಚಿಕೊಂಡು ಹೋಗಿದ್ದಾರೆ. ಬೆಳಗ್ಗೆ ನೋಡಿದರೆ ಕಾರು ಸೈಜುಗಲ್ಲುಗಳ ಮೇಲೆ ನಿಂತಿತ್ತು. ನಟ್‌ಗಳೆಲ್ಲ ಚರಂಡಿ ಪಕ್ಕ ಬಿದ್ದಿದ್ದವು. ಒಂದು ಕಡೆ ಕಲ್ಲು ಜರುಗಿ ಕಾರಿನ ತಳಭಾಗವೂ ಒಳಗೆ ಹೋಗಿದೆ. ಪಾಪ, ಅವರಿಗೆ ವೀಲ್ ಖರ್ಚಿಗಿಂತ ಆ ರಿಪೇರಿಯೇ ತಲೆನೋವಾಗಿದೆ.

ನನ್ನದು ಹ್ಯುಂಡೈ ಐ20, ಮನೆ ಮುಂದೆ ರಸ್ತೆಯಲ್ಲೇ ನಿಲ್ಲಿಸುವುದು. ಗೇಟ್ ಒಳಗೆ ಜಾಗ ಇಲ್ಲ. ಕಂಪನಿಯ ವೀಲ್ ತೆಗೆಸಿ ಹೊರಗಿನ 16 ಇಂಚಿನ ಅಲಾಯ್ ಹಾಕಿಸಿದ್ದೇನೆ. ಈಗ ಜೆ.ಸಿ. ರಸ್ತೆಯ ಕಾರು ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿದರೆ ಒಬ್ಬರು "ಲಾಕ್ ನಟ್ ಹಾಕಿಸಿ, ಚಿಂತೆ ಬಿಡಿ" ಅಂದರು. ಅಂದರೆ ಅದರದ್ದೇ ಬೇರೆ ಕೀ ಇದ್ದರೆ ಮಾತ್ರ ಬಿಚ್ಚಲು ಬರುವ ವೀಲ್ ನಟ್. ಎರಡು ಅಂಗಡಿ ಆಚೆ ಇನ್ನೊಬ್ಬರು "ಬೇಡ ಸರ್, ಪಂಕ್ಚರ್ ಆದಾಗ ನಿಮಗೇ ಕಷ್ಟ" ಅಂತಾರೆ. ಬಳಸಿದವರು ಹೇಳಿ, ಇದರಿಂದ ನಿಜವಾಗಿ ಉಪಯೋಗ ಇದೆಯಾ? ತೊಂದರೆ ಏನು? ಯಾವ ಥರದ್ದು ತಗೋಬೇಕು?

ಮೈಸೂರು_ರಿಂಗ್‌ರೋಡ್

ಹಾಕಿಸಿ. ರಸ್ತೆಯಲ್ಲಿ ನಿಲ್ಲಿಸುವವರು ಇದರ ಬಗ್ಗೆ ಎರಡನೇ ಯೋಚನೆ ಮಾಡಬಾರದು.

ಗ್ಯಾರೇಜ್_ಗೆಳೆಯ

ನನ್ನ ಪ್ರಕಾರ ದುಡ್ಡು ದಂಡ. ಲಾಕ್ ನಟ್‌ಗಿಂತ ಒಂದು ಸೈಜ್ ಚಿಕ್ಕ ಸಾಕೆಟ್ ತಗೊಂಡು ಸುತ್ತಿಗೆಯಿಂದ ಹೊಡೆದು ಕೂರಿಸಿದರೆ ಅದು ನಟ್ ಮೈಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಮುಗೀತು. ಒಳಗೆ ಉಲ್ಟಾ ಪಿರಿ ಇರುವ ಎಕ್ಸ್‌ಟ್ರಾಕ್ಟರ್ ಸಾಕೆಟ್ ಕೂಡ ಆನ್‌ಲೈನ್‌ನಲ್ಲೇ ಸಿಗುತ್ತದೆ, ಯಾರು ಬೇಕಾದರೂ ತರಿಸಬಹುದು. ಕಳ್ಳನಿಗೆ ಇದು ದೊಡ್ಡ ವಿಷಯವೇ ಅಲ್ಲ. ಕೀ ಕಳೆದರೆ ಕಷ್ಟಪಡೋದು ಮಾಲೀಕ ಮಾತ್ರ.

ಜಯನಗರ_ಡೀಸೆಲ್

ಗೆಳೆಯರೇ, ಹಾಗಾದರೆ ಮನೆ ಬಾಗಿಲಿಗೂ ಬೀಗ ಬೇಡವಾ? ರಾತ್ರಿ ಎರಡು ಗಂಟೆಗೆ ಮನೆಗಳ ಮಧ್ಯೆ ನಿಂತು ಸುತ್ತಿಗೆಯಿಂದ ಠಣ್ ಠಣ್ ಅಂತ ಹೊಡೆಯೋದು ಸುಲಭ ಅಲ್ಲ. ನಾಲ್ಕು ವೀಲ್ ಅಂದರೆ ನಾಲ್ಕು ಸಲ ಹೊಡೀಬೇಕು. ನಾಯಿ ಬೊಗಳುತ್ತೆ, ಯಾರಾದರೂ ಕಿಟಕಿ ತೆಗೀತಾರೆ. ಲಾಕ್ ಇಲ್ಲದ ಕಾರಿಗೆ ಜಾಕ್ ಮತ್ತು ಸ್ಪ್ಯಾನರ್ ಸಾಕು, ಸದ್ದೇ ಇಲ್ಲ. ಪಕ್ಕದಲ್ಲಿ ಲಾಕ್ ಇಲ್ಲದ ಕಾರು ಇದ್ದರೆ ಅವನು ಅಲ್ಲಿಗೆ ಹೋಗ್ತಾನೆ.

ಗ್ಯಾರೇಜ್_ಗೆಳೆಯ

ಅಲ್ಲಿಗೆ ಪಕ್ಕದವರ ಕಾರಿಗೆ ಕುತ್ತು ಬಂತು ಅಷ್ಟೇ. ಬೀದಿಯವರೆಲ್ಲ ಲಾಕ್ ಹಾಕಿಸಿದರೆ ಕಳ್ಳ ಸುತ್ತಿಗೆ ತಂದೇ ತರ್ತಾನೆ. ನಾನು ದಿನಾ ನೋಡೋ ಕಾರುಗಳಲ್ಲಿ ಲಾಕ್ ನಟ್‌ನಿಂದ ತೊಂದರೆ ಆದವು ಬೇಕಾದಷ್ಟಿವೆ. ಅದರಿಂದ ವೀಲ್ ಉಳೀತು ಅಂತ ಹೇಳಿಕೊಂಡು ಬಂದವರು ಯಾರೂ ಇಲ್ಲ.

ಜಯನಗರ_ಡೀಸೆಲ್

ವೀಲ್ ಉಳಿದವರು ಗ್ಯಾರೇಜಿಗೆ ಯಾಕೆ ಬರ್ತಾರೆ ಹೇಳಿ? ಕಳ್ಳ ಬಂದು ನೋಡಿ ವಾಪಸ್ ಹೋದದ್ದು ಕಾರಿನ ಮಾಲೀಕನಿಗೂ ಗೊತ್ತಾಗಲ್ಲ. ನಿಮ್ಮ ಕಣ್ಣಿಗೆ ಬೀಳೋದು ಕೆಟ್ಟದ್ದು ಮಾತ್ರ.

ಹಾಸನ_ಟೈರ್‌ಅಂಗಡಿ

ನಾನು ಟೈರ್ ಅಂಗಡಿ ಇಟ್ಟುಕೊಂಡಿದ್ದೇನೆ, ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್ ಎಲ್ಲ ಮಾಡ್ತೀವಿ. ಇಬ್ಬರ ಮಾತಿನಲ್ಲೂ ಸತ್ಯ ಇದೆ. ಆದರೆ ಮುಖ್ಯ ವಿಷಯ ಯಾರೂ ಹೇಳಲಿಲ್ಲ. ಲಾಕ್ ನಟ್ ಹಾಳಾಗೋದು ಕಳ್ಳರಿಂದ ಅಲ್ಲ, ನಟ್ ತಿರುಗಿಸುವ ಏರ್ ಗನ್‌ನಿಂದ.

ಈ ಕೀ ಹೇಗಿರುತ್ತದೆ ಅಂತ ಕೈಯಲ್ಲಿ ಹಿಡಿದು ನೋಡಿ. ಒಂದು ತುದಿ ಮಾಮೂಲಿ ಸ್ಪ್ಯಾನರ್‌ಗೆ ಕೂರುವ ಆರು ಮೂಲೆ. ಇನ್ನೊಂದು ತುದಿಯಲ್ಲಿ ಅಂಕುಡೊಂಕಿನ ಸಣ್ಣ ಏಣು, ಅದು ನಟ್ ತಲೆಯ ಮೇಲಿನ ತೋಡಿನಲ್ಲಿ ಕೂರಬೇಕು. ಆ ಏಣಿನ ದಪ್ಪ ಎರಡು ಮೂರು ಮಿಲಿಮೀಟರ್ ಇದ್ದರೆ ಹೆಚ್ಚು. ಇಷ್ಟು ತೆಳು ಲೋಹದ ಮೇಲೆ ಗನ್ನಿನ ಹೊಡೆತ ಬಿದ್ದರೆ ಏಣು ಮುರಿಯುತ್ತದೆ, ಇಲ್ಲವೇ ನಟ್‌ನ ತೋಡು ಸವೆದು ಕೀ ಸುಮ್ನೆ ಜಾರುತ್ತದೆ. ಕೆಲಸದ ಹುಡುಗರಿಗೆ ಅವಸರ, ಹದಿನಾರು ನಟ್‌ಗೂ ಒಂದೇ ಗನ್ ಹಿಡೀತಾರೆ. ಬಿಗಿ ಮಾಡುವಾಗ ಏನೂ ಗೊತ್ತಾಗಲ್ಲ. ಮುಂದಿನ ಸಲ ಬಿಚ್ಚುವಾಗ, ಅದೂ ರಸ್ತೆಯಲ್ಲಿ, ಕೀ ಕೈಕೊಡುತ್ತದೆ.

ನಮ್ಮ ಅಂಗಡಿಯಲ್ಲಿ ನಿಯಮ ಇಷ್ಟೇ. ಲಾಕ್ ನಟ್ ಮುಟ್ಟೋದು ಕೈ ಸ್ಪ್ಯಾನರ್ ಮಾತ್ರ. ಬಿಚ್ಚುವಾಗ ಅದನ್ನೇ ಮೊದಲು ಬಿಚ್ಚಬೇಕು, ಹಾಕುವಾಗ ಅದನ್ನೇ ಕೊನೆಗೆ ಬಿಗಿ ಮಾಡಬೇಕು. ಉಳಿದ ನಟ್‌ಗಳು ವೀಲನ್ನು ಹಿಡಿದುಕೊಂಡಿದ್ದರೆ ಲಾಕ್ ಮೇಲೆ ಎಳೆತ ಕಡಿಮೆ. ಕೊನೆಗೆ ಟಾರ್ಕ್ ರೆಂಚ್, ಅಂದರೆ ಬಿಗಿಯನ್ನು ಅಳೆದು ತೋರಿಸುವ ಸ್ಪ್ಯಾನರ್.

ರಾಜಾಜಿನಗರ_ಐ20

ಅಣ್ಣ, ತುಂಬಾ ಒಳ್ಳೆ ಮಾಹಿತಿ. ಒಂದು ವೇಳೆ ಕೀ ಮುರಿದೇ ಹೋದರೆ? ನೀವು ಹೇಗೆ ಬಿಚ್ಚುತ್ತೀರಿ?

ಹಾಸನ_ಟೈರ್‌ಅಂಗಡಿ

ಮೊದಲು ಅಕ್ಕಪಕ್ಕದ ನಟ್‌ಗಳನ್ನು ಇನ್ನಷ್ಟು ಬಿಗಿ ಮಾಡ್ತೀವಿ, ಲಾಕ್ ಮೇಲಿನ ಒತ್ತಡ ಸ್ವಲ್ಪ ಇಳಿಯಲಿ ಅಂತ. ಆಮೇಲೆ ಗ್ಯಾರೇಜ್ ಗೆಳೆಯ ಹೇಳಿದ ಹಾಗೆ ಹನ್ನೆರಡು ಮೂಲೆಯ ಸಾಕೆಟ್ ಹೊಡೆದು ಕೂರಿಸೋದು. ಹೆಚ್ಚಿನವು ಇದಕ್ಕೇ ಬರುತ್ತವೆ. ಆ ಸಾಕೆಟ್ ಮತ್ತೆ ಉಪಯೋಗಕ್ಕೆ ಬರಲ್ಲ, ಅದರ ದುಡ್ಡನ್ನೂ ಗಿರಾಕಿಯೇ ಕೊಡಬೇಕಾಗುತ್ತದೆ.

ಒಳ್ಳೆ ಲಾಕ್ ನಟ್‌ಗೆ ಹೊರಗಡೆ ಒಂದು ಬಳೆ ಇರುತ್ತದೆ. ಅದು ನಟ್‌ಗೆ ಅಂಟಿರಲ್ಲ, ತಾನೇ ತಾನಾಗಿ ಗಿರಗಿರ ತಿರುಗುತ್ತದೆ. ಅದರ ಮೇಲೆ ಸಾಕೆಟ್ ಹೊಡೆದರೆ ಬಳೆ ಮಾತ್ರ ತಿರುಗುತ್ತದೆ, ನಟ್ ಅಲ್ಲಾಡಲ್ಲ. ಆಗ ಬಳೆಯನ್ನು ಚಾಣದಿಂದ ಒಡೆದು ತೆಗೀಬೇಕು. ಅಲಾಯ್ ತೂತು ಚಿಕ್ಕದಾಗಿದ್ದರೆ ಚಾಣಕ್ಕೆ ಜಾಗವೇ ಸಿಗಲ್ಲ, ವೀಲ್‌ಗೆ ಗೀರು ಬೀಳುತ್ತದೆ. ಅದಕ್ಕೂ ಬಗ್ಗದಿದ್ದರೆ ಲಾಕ್ ತಲೆಗೆ ಬೇರೆ ನಟ್ ಇಟ್ಟು ವೆಲ್ಡ್ ಮಾಡಿ ತಿರುಗಿಸ್ತೀವಿ. ಕಾವಿಗೆ ಪಿರಿಯೂ ಸಡಿಲ ಆಗುತ್ತದೆ. ಬ್ಯಾಟರಿ ವೈರ್ ತೆಗೆದು, ಒದ್ದೆ ಬಟ್ಟೆ ಸುತ್ತಿ ಮಾಡಬೇಕು, ಆದರೂ ಅಲಾಯ್ ಬಣ್ಣ ಸುಡುವ ಭಯ ಇದ್ದೇ ಇರುತ್ತದೆ. ಡ್ರಿಲ್ ಹಾಕೋದು ಕಟ್ಟಕಡೆಗೆ. ಲಾಕ್ ನಟ್ ಗಟ್ಟಿ ಉಕ್ಕು, ಬಿಟ್‌ಗಳು ತಿಂದು ಹೋಗುತ್ತವೆ.

ಒಬ್ಬಳೇ_ಹೊರಟೆ

ಕೆಲಸದ ಮೇಲೆ ನಾನು ಬೆಂಗಳೂರು ಹುಬ್ಬಳ್ಳಿ ಮಧ್ಯೆ ಒಬ್ಬಳೇ ಓಡಾಡ್ತೀನಿ. ನನ್ನ ಕಾರಿಗೆ ಲಾಕ್ ನಟ್ ಇದೆ, ತೆಗೆಸುವ ಯೋಚನೆ ಇಲ್ಲ. ಹಿರಿಯೂರು ದಾಟಿದ ಮೇಲೆ ಒಮ್ಮೆ ಟೈರ್ ಪಕ್ಕ ಸೀಳಿತ್ತು, ಕತ್ತಲಾಗಿತ್ತು. ಹೆದ್ದಾರಿ ಗಸ್ತಿನವರು ಬಂದು ಸ್ಟೆಪ್ನಿ ಹಾಕಲು ಸಹಾಯ ಮಾಡಿದರು. ಅವರು ಕೇಳಿದ ಮೊದಲ ಮಾತು, "ಮೇಡಂ ಇದಕ್ಕೆ ಬೇರೆ ಕೀ ಇದೆಯಾ?" ಡಿಕ್ಕಿಯಲ್ಲಿ ಜಾಕ್ ಜೊತೆ ಕೆಂಪು ಚೀಲದಲ್ಲಿ ಇಟ್ಟಿದ್ದೆ, ತಕ್ಷಣ ಕೊಟ್ಟೆ. ಸಿಗದೇ ಹೋಗಿದ್ದರೆ ಟೋ ಮಾಡಿಸಬೇಕಿತ್ತು.

ಹಾಕಿಸುವಾಗ ಒಂದು ಕೆಲಸ ಮಾಡಿಸಿ. ನಾಲ್ಕೂ ವೀಲ್‌ನಲ್ಲಿ ಲಾಕ್ ನಟ್ ಗಾಳಿ ತುಂಬುವ ವಾಲ್ವ್ ಹತ್ತಿರವೇ ಬರುವ ಹಾಗೆ ಹೇಳಿ. ಟಾರ್ಚ್ ಬೆಳಕಲ್ಲಿ ಹುಡುಕೋದು ಸುಲಭ. ಮತ್ತೆ ಮನೆ ಹತ್ತಿರ, ಹಗಲಲ್ಲಿ, ಒಂದು ಸಲ ನೀವೇ ಬಿಚ್ಚಿ ಹಾಕಿ ನೋಡಿ. ಕೀ ಸರಿಯಾಗಿ ಕೂರುತ್ತದಾ, ಕಾರಿನ ಸ್ಪ್ಯಾನರ್ ಸೈಜಿಗೆ ಹೊಂದುತ್ತದಾ ಅಂತ ಗೊತ್ತಾಗಬೇಕು. ಕೆಲವು ಕೀಗಳ ಹಿಂಬದಿ ಬೇರೆ ಸೈಜಿನದು ಇರುತ್ತದೆ, ಕಾರಿನ ಸ್ಪ್ಯಾನರ್ ಅದಕ್ಕೆ ಹಿಡಿಯಲ್ಲ.

ಮೈಸೂರು_ರಿಂಗ್‌ರೋಡ್

ಡಿಕ್ಕಿಯಲ್ಲಿ ಇಟ್ಟರೆ ಕಳ್ಳನಿಗೂ ಸಿಗುತ್ತಲ್ಲ? ಕೀ ಮನೆಯಲ್ಲಿ ಇಡೋದು ವಾಸಿ.

ಒಬ್ಬಳೇ_ಹೊರಟೆ

ಮನೆಯಲ್ಲಿ ಇಟ್ಟರೆ ಹಿರಿಯೂರಿನಲ್ಲಿ ಏನು ಮಾಡ್ಲಿ ಸರ್? ಗ್ಲೋವ್ ಬಾಕ್ಸ್ ಬೇಡ, ಗಾಜು ಒಡೆದವನು ಮೊದಲು ಕೈ ಹಾಕೋದು ಅಲ್ಲಿಗೇ. ಡಿಕ್ಕಿ ತಳದಲ್ಲಿ ಸ್ಟೆಪ್ನಿ ಅಡಿ ಇಡಿ. ಅಲ್ಲಿವರೆಗೆ ಹೋಗಬೇಕಾದರೆ ಸೈರನ್ ಹೊಡೆಯುತ್ತೆ.

ಜಯನಗರ_ಡೀಸೆಲ್

ಸರ್ವಿಸ್‌ಗೆ ಬಿಡುವಾಗ ಮಾತ್ರ ಕೀಯನ್ನು ಕೈಗೇ ಕೊಡಿ, ಜಾಬ್ ಕಾರ್ಡ್‌ನಲ್ಲಿ ಬರೆಸಿ. ವಾಪಸ್ ತಗೊಳ್ಳುವಾಗ ಗೇಟ್ ದಾಟುವ ಮುಂಚೆ ಕೇಳಿ. ಕೀ ಕಳೆಯೋದು ಹೆಚ್ಚಾಗಿ ಅಲ್ಲೇ. ನಟ್ ಮೇಲೇ ಬಿಟ್ಟು ಗಾಡಿ ಕೊಟ್ಟುಬಿಡ್ತಾರೆ, ಮೊದಲ ಹಂಪ್‌ಗೇ ಅದು ಉದುರಿ ಹೋಗಿರುತ್ತದೆ.

ಕೊವೆಂಟ್ರಿ_ಕನ್ನಡಿಗ

ಇಂಗ್ಲೆಂಡಿನಿಂದ ಬರೀತಿದ್ದೇನೆ. ಇಲ್ಲಿ ಅಲಾಯ್ ಇರುವ ಬಹಳಷ್ಟು ಕಾರುಗಳಿಗೆ ಲಾಕ್ ನಟ್ ಕಂಪನಿಯಿಂದಲೇ ಬರುತ್ತದೆ, ಹಾಗಾಗಿ ಹಾಕಿಸಬೇಕಾ ಬೇಡವಾ ಅನ್ನೋ ಪ್ರಶ್ನೆಯೇ ಇಲ್ಲ. ಟೈರ್ ಬದಲಿಸಲು ಹೋದರೆ ಕೌಂಟರಲ್ಲೇ "ವೀಲ್ ನಟ್ ಕೀ ಎಲ್ಲಿದೆ" ಅಂತ ಕೇಳ್ತಾರೆ. ಅಷ್ಟಾದರೂ ಜನ ಕೀ ಕಳೆದುಕೊಳ್ತಾರೆ. ಎಎ, ಆರ್‌ಎಸಿ ಥರದ ರಸ್ತೆ ಸಹಾಯ ಸಂಸ್ಥೆಗಳು ಲಾಕ್ ನಟ್ ಬಿಚ್ಚಿಕೊಡೋದನ್ನೇ ಒಂದು ಸೇವೆಯಾಗಿ ಇಟ್ಟಿವೆ ಅಂದರೆ ಎಷ್ಟು ಸಾಮಾನ್ಯ ಅಂತ ಯೋಚಿಸಿ.

ಇನ್ನೊಂದು ಮಾತು. ಒಂದೊಂದು ಕಂಪನಿ ಬಳಸೋ ನಮೂನೆಗಳು ಮಿತ. ಅದಕ್ಕೇ ಎಲ್ಲ ನಮೂನೆಗೂ ಹೊಂದುವ ಮಾಸ್ಟರ್ ಕೀ ಸೆಟ್ ಗ್ಯಾರೇಜ್‌ಗಳ ಹತ್ತಿರ ಇರುತ್ತದೆ. ಗ್ಯಾರೇಜ್‌ಗೆ ಸಿಗೋದು ಕಳ್ಳನಿಗೂ ಸಿಗುತ್ತದೆ. ಇದರಲ್ಲಿ ನಾನು ಗ್ಯಾರೇಜ್ ಗೆಳೆಯರ ಕಡೆ.

ಗ್ಯಾರೇಜ್_ಗೆಳೆಯ

ನೋಡಿ, ಅಲ್ಲಿಯವರೂ ಅದನ್ನೇ ಹೇಳ್ತಿದ್ದಾರೆ.

ಪೋಲೋ_ಪ್ರೀತಿ

ಕೊವೆಂಟ್ರಿಯವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೀನಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ನಟ್ ಇರಲ್ಲ, ಬೋಲ್ಟ್ ಇರುತ್ತದೆ. ವೀಲ್ ಕೂರುವ ಹಬ್‌ನಲ್ಲಿ ಸ್ಟಡ್ (ನಟ್ ಹಾಕುವ ಪಿರಿ ಇರುವ ಕಡ್ಡಿ) ಚಾಚಿಕೊಂಡಿರಲ್ಲ, ಬೋಲ್ಟನ್ನೇ ಒಳಗೆ ತಿರುಗಿಸಬೇಕು. ಪೋಲೋಗೆ 14 ಎಂಎಂ ದಪ್ಪ, 1.5 ಪಿಚ್ (ಪಿರಿಯಿಂದ ಪಿರಿಗೆ ಇರುವ ಅಂತರ). ಬಿಗಿ 120 ನ್ಯೂಟನ್ ಮೀಟರ್. ಇದಕ್ಕೆ ಕಂಪನಿಯ ಲಾಕ್ ಬೋಲ್ಟ್ ಇದ್ದರೆ ಕೀ ಮೇಲೆ ಒಂದು ಸಣ್ಣ ಕೋಡ್ ಒತ್ತಿರುತ್ತದೆ. ಇವತ್ತೇ ಅದರ ಫೋಟೋ ತೆಗೆದು ಇಟ್ಟುಕೊಳ್ಳಿ. ಕೀ ಕಳೆದರೆ ಆ ಕೋಡ್ ಹೇಳಿ ಡೀಲರ್ ಹತ್ತಿರ ತರಿಸಬಹುದು. ಕೋಡ್ ಇಲ್ಲದಿದ್ದರೆ ಅವರು ಒಂದೊಂದೇ ಹಾಕಿ ನೋಡಬೇಕು.

ಹೊರಗೆ ಕೊಳ್ಳುವವರೂ ಒಳಗೆ ಕೋಡ್ ಕಾರ್ಡ್ ಇರುವ ಸೆಟ್ಟನ್ನೇ ಕೇಳಿ. ಮ್ಯಾಕ್‌ಗಾರ್ಡ್ ಥರದ ಕಂಪನಿಗಳು ಕೋಡ್ ನೋಡಿ ಬದಲಿ ಕೀ ಕೊಡುತ್ತವೆ. ಹೆಸರಿಲ್ಲದ ಸೆಟ್‌ಗೆ ಬದಲಿ ಕೀ ಅನ್ನೋದೇ ಇಲ್ಲ.

ವಿಮೆ_ವಿಚಾರ

ಇಷ್ಟೆಲ್ಲ ಯಾಕೆ, ಇನ್ಶೂರೆನ್ಸ್ ಇದೆಯಲ್ಲ ಅನ್ನುವವರು ಬರ್ತಾರೆ, ಅದಕ್ಕೆ ಮೊದಲೇ ಹೇಳಿಬಿಡ್ತೀನಿ. ನಾನು ಈ ಕ್ಷೇತ್ರದಲ್ಲಿ ಕೆಲಸ ಮಾಡ್ತೀನಿ.

ಥರ್ಡ್ ಪಾರ್ಟಿ ಮಾತ್ರ ಇದ್ದರೆ ವೀಲ್ ಕಳವಿಗೆ ಒಂದು ರೂಪಾಯಿ ಬರಲ್ಲ. ಕಾಂಪ್ರಹೆನ್ಸಿವ್ ಇದ್ದರೂ ಟೈರ್, ಟ್ಯೂಬ್, ರಬ್ಬರ್ ಭಾಗಗಳಿಗೆ ಶೇ. 50 ಸವಕಳಿ ಕಳೀತಾರೆ. ಕ್ಲೇಮ್ ಮಾಡಿದ ಕೂಡಲೇ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಅದು ಮೊದಲ ವರ್ಷ ಶೇ. 20ರಿಂದ ಶುರುವಾಗಿ ಮೇಲೆ ಶೇ. 50ರವರೆಗೆ ಏರುವಂಥದ್ದು. 50ರಲ್ಲಿ ಇರುವವರು ಕ್ಲೇಮ್ ಮಾಡುವ ಮುಂಚೆ ಲೆಕ್ಕ ಹಾಕಿ, ಎಷ್ಟೋ ಸಲ ಕೈಯಿಂದ ಹಾಕೋದೇ ಲಾಭ.

ಎಲ್ಲಕ್ಕಿಂತ ಮುಖ್ಯ, ಹೊರಗಿನ ಅಲಾಯ್ ಹಾಕಿಸಿದ್ದರೆ ಪಾಲಿಸಿಯಲ್ಲಿ ಸೇರಿಸಿ. ಬಿಲ್ ಕೊಟ್ಟು ಬರೆಸಬೇಕು. ಸೇರಿಸದೇ ಇದ್ದರೆ ಕಂಪನಿ ವೀಲಿನ ಲೆಕ್ಕದಲ್ಲಿ ಕೊಡ್ತಾರೆ ಅಥವಾ ತಕರಾರು ತೆಗೀತಾರೆ. ರಾಜಾಜಿನಗರದವರೇ, ನೀವು ಬರೆಸಿದ್ದೀರಾ?

ರಾಜಾಜಿನಗರ_ಐ20

ಬಿಲ್ ಇದೆ, ಬರೆಸಿಲ್ಲ. ಇವತ್ತೇ ಏಜೆಂಟ್‌ಗೆ ಫೋನ್ ಮಾಡ್ತೀನಿ ಸರ್. ಪಕ್ಕದ ಕ್ರಾಸ್‌ನವರಿಗೆ ಪೊಲೀಸ್ ದೂರು ಬೇಕೇ ಬೇಕಾ?

ವಿಮೆ_ವಿಚಾರ

ಬೇಕು. 112ಕ್ಕೆ ಫೋನ್ ಮಾಡಿ, ಸ್ಟೇಷನ್‌ಗೆ ಹೋಗಿ ಎಫ್‌ಐಆರ್ ಹಾಕಿಸಲಿ. 2024ರ ಜುಲೈ 1ರಿಂದ ಕಳ್ಳತನ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಅಡಿ ಬರುತ್ತದೆ, ಹಿಂದೆ ಐಪಿಸಿ 379 ಇತ್ತಲ್ಲ, ಅದರ ಜಾಗಕ್ಕೆ. ಕಾರು ಕಲ್ಲಿನ ಮೇಲಿರುವಾಗಲೇ ನಾಲ್ಕೂ ಕಡೆಯಿಂದ ಫೋಟೋ ಇರಬೇಕು. ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ನೋಡುವ ಮುಂಚೆ ಗ್ಯಾರೇಜಿಗೆ ಸಾಗಿಸಿದರೆ ತಳದ ಡ್ಯಾಮೇಜ್ ಯಾವಾಗ ಆಯ್ತು ಅಂತ ಪ್ರಶ್ನೆ ಏಳುತ್ತದೆ.

ಶಿವಾಜಿನಗರ_ಗಲ್ಲಿ

ನಮ್ಮ ಕಡೆ ಬಂದು ಗುಜರಿಯಲ್ಲಿ ಹುಡುಕಿ, ಅವೇ ವೀಲ್ ಸಿಗಬಹುದು.

ವಿಮೆ_ವಿಚಾರ

ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಕದ್ದ ಮಾಲು ಅಂತ ಗೊತ್ತಿದ್ದು ಕೊಂಡರೆ ಅದೂ ಅಪರಾಧ. ಕಂಡರೆ ಪೊಲೀಸರಿಗೆ ತಿಳಿಸಿ. ಬಿಲ್ ಇಲ್ಲದ ಅಗ್ಗದ ಅಲಾಯ್ ಕೊಳ್ಳುವ ಜನ ಇರೋವರೆಗೂ ಈ ಕಳ್ಳತನ ನಿಲ್ಲಲ್ಲ.

ಕರಾವಳಿ_ಕಾರು

ಮಂಗಳೂರಿನಿಂದ. ನಮ್ಮಲ್ಲಿ ಉಪ್ಪು ಗಾಳಿ, ಜೊತೆಗೆ ನಾಲ್ಕು ತಿಂಗಳು ಮಳೆ. ಲಾಕ್ ನಟ್ ತೋಡಿನಲ್ಲಿ ಮಣ್ಣು ಕೂತು ತುಕ್ಕು ಹಿಡಿದರೆ ಕೀ ಪೂರ್ತಿ ಒಳಗೆ ಹೋಗಲ್ಲ. ಅರ್ಧ ಕೂತ ಕೀಯಲ್ಲಿ ತಿರುಗಿಸಿದರೆ ಮುರಿಯುವುದೇ. ಮಳೆಗಾಲ ಮುಗಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೋಡು ಉಜ್ಜಿ, ನಟ್ ಪಿರಿಗೆ ಸ್ವಲ್ಪ ಗ್ರೀಸ್ ಸವರಿದರೆ ಬಹಳ ಚೆನ್ನ. ಎಲ್ಲರೂ ಹಾಗೆ ಮಾಡಿ.

ಹಾಸನ_ಟೈರ್‌ಅಂಗಡಿ

ಬ್ರಷ್ ಮಾತು ಸರಿ. ಗ್ರೀಸ್ ಮಾತು ತಪ್ಪು, ಬೇಸರ ಮಾಡ್ಕೋಬೇಡಿ. ಕಾರಿನ ಪುಸ್ತಕದಲ್ಲಿ ಕೊಟ್ಟ ಬಿಗಿ ಒಣ ಪಿರಿಗೆ ಹೇಳಿದ್ದು. ಗ್ರೀಸ್ ಹಾಕಿದರೆ ತಿಕ್ಕಾಟ ಕಡಿಮೆ ಆಗಿ ಅದೇ ಟಾರ್ಕ್‌ಗೆ ನಟ್ ಇನ್ನೂ ಮುಂದೆ ಹೋಗುತ್ತದೆ, ಸ್ಟಡ್ ಮೇಲೆ ಎಳೆತ ಜಾಸ್ತಿ. ಸ್ಟಡ್ ಉದ್ದ ಆಗುತ್ತದೆ, ಒಂದು ದಿನ ತುಂಡಾಗುತ್ತದೆ. ತುಕ್ಕು ಇದ್ದರೆ ತಂತಿ ಬ್ರಷ್‌ನಿಂದ ಉಜ್ಜಿ ಒಣಗಿಸಿ. ನಟ್ ಕೂರುವ ಜಾಗಕ್ಕಂತೂ ಎಣ್ಣೆ ತಾಗಲೇಬಾರದು.

ಕರಾವಳಿ_ಕಾರು

ನಮ್ಮೂರಲ್ಲಿ ಎಲ್ಲ ಮೆಕ್ಯಾನಿಕ್‌ಗಳೂ ಹಾಕ್ತಾರಲ್ಲ ಮಾರಾಯ್ರೆ. ಇಷ್ಟು ವರ್ಷ ಏನೂ ಆಗಿಲ್ಲ.

ಟಾರ್ಕ್_ತಜ್ಞ_ಬೆಳಗಾವಿ

ಏನೂ ಆಗದಿರೋದಕ್ಕೆ ಕಾರಣ ಅವರು ಟಾರ್ಕ್ ರೆಂಚ್ ಇಲ್ಲದೆ ಅಂದಾಜಿನಲ್ಲಿ ಬಿಗಿ ಮಾಡೋದು. ಟೈರ್ ಅಂಗಡಿ ಅಣ್ಣನ ಮಾತು ಪಕ್ಕಾ. ಸುಮಾರು ಕಾರುಗಳಿಗೆ ಬೇಕಾದ ಬಿಗಿ 100ರಿಂದ 120 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮ ಕಾರಿನ ಪುಸ್ತಕ ನೋಡಿ. ಕಾರಿನ ಜೊತೆ ಬರುವ ಸ್ಪ್ಯಾನರ್ 25 ಸೆಂಟಿಮೀಟರ್ ಉದ್ದ ಅಂತಿಟ್ಟುಕೊಳ್ಳಿ. ತುದಿಯಲ್ಲಿ 45 ಕೆಜಿ ಒತ್ತಿದರೆ 110 ಆಯ್ತು. 70 ಕೆಜಿ ಮನುಷ್ಯ ಸ್ಪ್ಯಾನರ್ ಮೇಲೆ ಹತ್ತಿ ನಿಂತರೆ 170! ಆ 170 ಅಷ್ಟೂ ಲಾಕ್ ಕೀಯ ತೆಳು ಏಣಿನ ಮೇಲೆ ಬೀಳುತ್ತದೆ. ಕೀ ಮುರಿಯಿತು ಅಂತ ಲಾಕ್ ಕಂಪನಿಗೆ ಬೈಯ್ಯೋರು ಇದನ್ನು ನೋಡಬೇಕು. ಹೊಸದಾಗಿ ವೀಲ್ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ಇನ್ನೊಮ್ಮೆ ಬಿಗಿ ನೋಡೋದನ್ನೂ ಮರೀಬೇಡಿ.

ಗ್ಯಾರೇಜ್_ಗೆಳೆಯ

ಇದಕ್ಕೆ ನನ್ನ ಸಂಪೂರ್ಣ ಒಪ್ಪಿಗೆ. ಆದರೆ ನಮ್ಮ ದೇಶದ ಎಷ್ಟು ಪಂಕ್ಚರ್ ಅಂಗಡಿಗಳಲ್ಲಿ ಟಾರ್ಕ್ ರೆಂಚ್ ಇದೆ? ಅದಕ್ಕೇ ಹೇಳೋದು, ನಮ್ಮ ರಸ್ತೆಗೆ ನಮ್ಮ ಅಂಗಡಿಗಳಿಗೆ ಈ ಲಾಕ್ ಹೊಂದಲ್ಲ.

ಒಬ್ಬಳೇ_ಹೊರಟೆ

ಈಗ ಹೆಚ್ಚಿನ ಟೈರ್ ಟ್ಯೂಬ್‌ಲೆಸ್. ಮೊಳೆ ಚುಚ್ಚಿದರೆ ವೀಲ್ ಬಿಚ್ಚದೇನೇ ಬತ್ತಿ ಹಾಕ್ತಾರೆ. ಲಾಕ್ ಬಿಚ್ಚುವ ಪ್ರಸಂಗ ಬರೋದೇ ಕಡಿಮೆ. ಬಂದರೆ ನಾನು ಪಕ್ಕದಲ್ಲಿ ನಿಂತು "ಇದಕ್ಕೆ ಗನ್ ಬೇಡ, ಕೈಯಲ್ಲಿ ಮಾಡಿ" ಅಂತ ಹೇಳ್ತೀನಿ. ಯಾರೂ ಇಲ್ಲ ಅಂದಿಲ್ಲ.

ಸಿಟಿ_ಸವಾರ

ನಟ್ ಸೀಟ್ ಬಗ್ಗೆ ಯಾರೂ ಹೇಳಿಲ್ವಲ್ಲ? ನನ್ನ ಪ್ರಕಾರ ಪ್ರಾಣಕ್ಕೆ ಸಂಬಂಧಿಸಿದ್ದು ಇದೇ. ನಟ್ ವೀಲ್‌ಗೆ ತಾಗುವ ಭಾಗದ ಆಕಾರ ಮೂರು ಥರ. ಹೊರಗಿನ ಅಲಾಯ್‌ಗಳಿಗೆ ಸಾಮಾನ್ಯವಾಗಿ 60 ಡಿಗ್ರಿ ಕೋನ್. ಹೋಂಡಾ ಕಂಪನಿ ವೀಲ್‌ಗೆ ಗುಂಡು ಸೀಟ್. ಟೊಯೊಟಾದ ಕೆಲವು ಕಂಪನಿ ಅಲಾಯ್‌ಗಳಿಗೆ ಚಪ್ಪಟೆ ವಾಷರ್ ಇರುವ ನಟ್. ಗುಂಡು ಸೀಟಿನ ವೀಲ್‌ಗೆ ಕೋನ್ ಲಾಕ್ ನಟ್ ಹಾಕಿದರೆ ಅದು ಬಿಗಿಯಾದ ಹಾಗೆ ಕಾಣುತ್ತದೆ, ಆದರೆ ಒಂದು ತೆಳು ಗೆರೆಯಲ್ಲಿ ಮಾತ್ರ ತಾಗಿರುತ್ತದೆ. ಓಡ್ತಾ ಓಡ್ತಾ ಸಡಿಲ ಆಗುತ್ತದೆ.

ಪಿರಿಯೂ ನೋಡಿ. ಹ್ಯುಂಡೈ, ಹೋಂಡಾ, ಟೊಯೊಟಾ ಸಾಮಾನ್ಯವಾಗಿ 12 ಎಂಎಂ, 1.5 ಪಿಚ್. ಮಾರುತಿ 12 ಎಂಎಂ, 1.25 ಪಿಚ್. ಕಣ್ಣಿಗೆ ಎರಡೂ ಒಂದೇ. ಬೇರೆ ಪಿಚ್‌ನ ನಟ್ಟನ್ನು ಗನ್ ಹಿಡಿದು ಒತ್ತಾಯ ಮಾಡಿದರೆ ಸ್ಟಡ್ ಪಿರಿ ಹಾಳು. ಮೊದಲ ಕೆಲವು ಸುತ್ತು ಬೆರಳಲ್ಲೇ ತಿರುಗಬೇಕು. ತಿರುಗದಿದ್ದರೆ ನಿಲ್ಲಿಸಿ.

ಟಾರ್ಕ್_ತಜ್ಞ_ಬೆಳಗಾವಿ

ತುಂಬಾ ಮುಖ್ಯವಾದ ಮಾತು ಹೇಳಿದ್ರಿ. ಇದನ್ನು ಮೇಲಕ್ಕೆ ಪಿನ್ ಮಾಡಬೇಕು.

ಹೊಸ_ಚಾಲಕ

ಒಂದು ವೀಲ್‌ಗೆ ಒಂದೇ ಲಾಕ್ ಸಾಕಾ? ಎಲ್ಲ ನಟ್‌ಗೂ ಲಾಕ್ ಹಾಕಿದರೆ ಇನ್ನೂ ಭದ್ರ ಅಲ್ವಾ?

ಜಯನಗರ_ಡೀಸೆಲ್

ಒಂದು ಸಾಕು. ಅದೊಂದು ಬಿಚ್ಚದೆ ವೀಲ್ ಈಚೆ ಬರಲ್ಲ. ಎಲ್ಲದಕ್ಕೂ ಹಾಕಿದರೆ ಒಂದೇ ಕೀಗೆ ಎಲ್ಲವೂ ಬರುತ್ತವೆ, ಕಳ್ಳನಿಗೆ ನಾಲ್ಕು ಪಟ್ಟು ಕೆಲಸ ನಿಜ. ಆದರೆ ಕೀ ಮುರಿದ ದಿನ ನಿಮಗೂ ನಾಲ್ಕು ಪಟ್ಟು.

ಹೊಸ_ಚಾಲಕ

ಲಾಕ್ ನಟ್ ತೂಕ ಜಾಸ್ತಿ ಇದ್ದರೆ ವೀಲ್ ಬ್ಯಾಲೆನ್ಸ್ ತಪ್ಪುತ್ತಾ?

ಹಾಸನ_ಟೈರ್‌ಅಂಗಡಿ

ಇಲ್ಲ ತಮ್ಮ. ಕೆಲವೇ ಗ್ರಾಂ ವ್ಯತ್ಯಾಸ, ಅದೂ ಮಧ್ಯಕ್ಕೆ ಹತ್ತಿರ. ಸ್ಟೇರಿಂಗ್ ನಡುಗಿದರೆ ಬೇರೆ ಕಾರಣ ಹುಡುಕು.

ಪೋಲೋ_ಪ್ರೀತಿ

ಸ್ಟೆಪ್ನಿ ಮರೀಬೇಡಿ. ನಾಲ್ಕು ಅಲಾಯ್ ಕೊಟ್ಟು ಸ್ಟೆಪ್ನಿಗೆ ಕಬ್ಬಿಣದ ಡಿಸ್ಕ್ ಕೊಡ್ತಾರಲ್ಲ, ಅದಕ್ಕೆ ನಿಮ್ಮ ಹೊಸ ಲಾಕ್ ಹೊಂದುತ್ತದೆ ಅನ್ನೋ ಖಾತ್ರಿ ಇಲ್ಲ. ಬೋಲ್ಟ್ ಇರುವ ಕಾರಿನಲ್ಲಿ ಇನ್ನೂ ಜೋಪಾನ. ದಪ್ಪ ಅಲಾಯ್‌ಗೆ ಅಂತ ಉದ್ದ ಬೋಲ್ಟ್ ಹಾಕಿದ್ದರೆ ತೆಳು ಡಿಸ್ಕ್‌ಗೆ ಅದು ಒಳಗೆ ಜಾಸ್ತಿ ಹೋಗಿ ಬ್ರೇಕ್ ಭಾಗಕ್ಕೆ ತಾಗಬಹುದು. ಕಂಪನಿಯ ಹಳೆಯ ನಟ್ ಬೋಲ್ಟ್ ಒಂದು ಸೆಟ್ ಸ್ಟೆಪ್ನಿ ಜೊತೆ ಇಟ್ಟಿರಿ. ಹೊಸ ಅಲಾಯ್ ಹಾಕಿಸುವಾಗ ಅಂಗಡಿಯವರು ಅವನ್ನು ತಮ್ಮಲ್ಲೇ ಇಟ್ಟುಕೊಳ್ತಾರೆ, ಕೇಳಿ ತಗೊಳ್ಳಿ.

ಮೈಸೂರು_ರಿಂಗ್‌ರೋಡ್

ಈಗ ಸ್ಟೆಪ್ನಿಯೇ ಕೊಡಲ್ಲ ಕೆಲವು ಕಾರುಗಳಲ್ಲಿ. ಪಂಕ್ಚರ್ ಕಿಟ್ ಕೊಟ್ಟು ಕೈ ತೊಳೀತಾರೆ. ಇದು ಕಾನೂನಿಗೆ ವಿರುದ್ಧ ಅಲ್ವಾ?

ಪೋಲೋ_ಪ್ರೀತಿ

ವಿರುದ್ಧ ಅಲ್ಲ. 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಬಂತು. ಟ್ಯೂಬ್‌ಲೆಸ್ ಟೈರ್, ರಿಪೇರಿ ಕಿಟ್, ಟೈರ್ ಗಾಳಿ ತೋರಿಸುವ ವ್ಯವಸ್ಥೆ ಇದ್ದರೆ ಸ್ಟೆಪ್ನಿ ಬೇಕಿಲ್ಲ. ನನಗೂ ಇಷ್ಟ ಇಲ್ಲ. ಶಿರಾಡಿ ಘಾಟಿಯಲ್ಲಿ ಟೈರ್ ಪಕ್ಕ ಸೀಳಿದರೆ ಆ ಕಿಟ್ ಯಾವ ಕೆಲಸಕ್ಕೂ ಬರಲ್ಲ.

ಡಲ್ಲಾಸ್_ದಾವಣಗೆರೆ

ಅಮೆರಿಕದಲ್ಲಿ ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲೂ ಇದೇ ಕಥೆ, ಹೊಸ ಸೆಡಾನ್‌ಗಳು ಬೆಳಗ್ಗೆ ಇಟ್ಟಿಗೆ ಮೇಲೆ. ಇಲ್ಲಿ ಕಳ್ಳರು ಬ್ಯಾಟರಿ ಗನ್ ತರ್ತಾರೆ, ಬೇಗ ಮುಗಿಸಿ ಹೋಗ್ತಾರೆ. ಹಾಗಾಗಿ ತಡ ಮಾಡಿಸೋದೇ ಎಲ್ಲಕ್ಕಿಂತ ದೊಡ್ಡ ರಕ್ಷಣೆ. ಲಾಕ್ ಜೊತೆ ಟಿಲ್ಟ್ ಸೆನ್ಸರ್ ಇರುವ ಅಲಾರಂ ಹಾಕಿಸಿದ್ದೇನೆ. ಮಾಮೂಲಿ ಅಲಾರಂ ಬಾಗಿಲು ತೆಗೆದರೆ ಮಾತ್ರ ಕೂಗುತ್ತೆ, ಇದು ಜಾಕ್ ಹಾಕಿ ಕಾರು ವಾಲಿದರೆ ಕೂಗುತ್ತೆ.

ಬಸವೇಶ್ವರನಗರ_ನಿವಾಸಿ

ಬೀದಿ ದೀಪ ಇಲ್ಲದ ಕಡೆ ನಿಲ್ಲಿಸಲೇಬೇಡಿ. ನಮ್ಮ ರಸ್ತೆಯಲ್ಲಿ ದೀಪ ಕೆಟ್ಟಾಗ ನಾವು ಮೂರ್ನಾಲ್ಕು ಮನೆಯವರು ಸೇರಿ ಪಾಲಿಕೆ ಸಹಾಯವಾಣಿ 1533ಕ್ಕೆ ದೂರು ಕೊಟ್ಟು, ಬಿಡದೆ ಹಿಂದೆ ಬಿದ್ದು ಸರಿಮಾಡಿಸಿದೆವು. ಒಂದು ಕ್ಯಾಮೆರಾ ಗೇಟಿನಿಂದ ರಸ್ತೆ ಕಡೆ ತಿರುಗಿಸಿ. ಕಾರಿನ ಒಂದು ಬದಿ ಕಾಂಪೌಂಡ್‌ಗೆ ಒತ್ತಿ ನಿಲ್ಲಿಸಿದರೆ ಆ ಬದಿಯ ಎರಡು ವೀಲ್ ಬಿಚ್ಚೋದು ಕಷ್ಟ.

ಗ್ಯಾರೇಜ್_ಗೆಳೆಯ

ಬೇಸ್‌ಮೆಂಟ್ ಪಾರ್ಕಿಂಗ್, ಸೆಕ್ಯೂರಿಟಿ ಇರುವವರಿಗೆ ಲಾಕ್ ಬೇಡ. ಕಬ್ಬಿಣದ ಡಿಸ್ಕ್ ಮೇಲೆ ವೀಲ್ ಕವರ್ ಇರುವ ಕಾರಿಗೂ ಬೇಡ. ಅದನ್ನು ಯಾರೂ ಕದಿಯಲ್ಲ. ರಸ್ತೆಯಲ್ಲಿ ಹೊಸ ಅಲಾಯ್ ನಿಲ್ಲಿಸುವವರು ಹಾಕಿಸಿಕೊಳ್ಳಲಿ, ಆದರೆ ಗನ್ ಹತ್ತಿರ ಬಿಡಬೇಡಿ. ಇಷ್ಟಕ್ಕೆ ನಾನು ಒಪ್ತೀನಿ.

ಸೆಕೆಂಡ್‌ಹ್ಯಾಂಡ್_ಸಂತೆ

ಹಳೆ ಕಾರು ಕೊಳ್ಳುವವರಿಗೆ ಒಂದು ಮಾತು. ಆರ್‌ಸಿ, ಎರಡನೇ ಕೀ ಕೇಳುವ ಹಾಗೆ ನಟ್‌ಗಳ ಮೇಲೂ ಕಣ್ಣಾಡಿಸಿ. ಒಂದು ವೀಲ್‌ನಲ್ಲಿ ಒಂದು ನಟ್ ಬೇರೆ ಥರ ದುಂಡಗೆ ಕಂಡರೆ ಅದರ ಕೀ ಕೇಳಿ. "ಮನೆಯಲ್ಲಿದೆ, ಆಮೇಲೆ ಕೊಡ್ತೀನಿ" ಅಂದರೆ ದುಡ್ಡು ಕೊಡಬೇಡಿ. ನಾನು ಕಾರು ಕೊಡಿಸುವಾಗ ಅಲ್ಲೇ ನಾಲ್ಕೂ ಲಾಕ್ ಬಿಚ್ಚಿ ತೋರಿಸಿ ಅಂತೀನಿ.

ರಾಜಾಜಿನಗರ_ಐ20

ಎಲ್ಲರಿಗೂ ತುಂಬಾ ಧನ್ಯವಾದ. ಹಾಕಿಸೋದು ಅಂತ ತೀರ್ಮಾನ ಮಾಡಿದ್ದೇನೆ. 12 ಎಂಎಂ, 1.5 ಪಿಚ್, ಕೋನ್ ಸೀಟ್, ತಿರುಗುವ ಬಳೆ ಇರುವ, ಕೋಡ್ ಕಾರ್ಡ್ ಬರುವ ಸೆಟ್ ಹುಡುಕ್ತಿದ್ದೇನೆ. ಅಗ್ಗದ ಸೆಟ್ ಬೇಡ ಅಂತ ಅಂಗಡಿಯವರಿಗೆ ಹೇಳಿಬಿಟ್ಟೆ. ಕೈಯಲ್ಲೇ ಬಿಗಿ ಮಾಡಿಸಿ, ವಾಲ್ವ್ ಪಕ್ಕ ಕೂರಿಸಿಕೊಳ್ತೀನಿ. ಅಪ್ಪನ ಎರ್ಟಿಗಾ ಕೂಡ ಹೊರಗೇ ನಿಲ್ಲುತ್ತೆ. ಅದಕ್ಕೆ ಅಲಾಯ್ ಇಲ್ಲ, ಆದರೆ ಸ್ಟೆಪ್ನಿ ಕಾರಿನ ಅಡಿಯಲ್ಲಿ ನೇತಾಡ್ತಾ ಇರುತ್ತಲ್ಲ, ಅದಕ್ಕೇನು ಮಾಡೋದು?

ಹಾಸನ_ಟೈರ್‌ಅಂಗಡಿ

ಅದನ್ನು ಕದಿಯೋದು ಇನ್ನೂ ಸುಲಭ, ಜಾಕ್ ಕೂಡ ಬೇಡ. ಇನ್ನೋವಾದಲ್ಲೂ ಹಾಗೇ ಅಡಿಯಲ್ಲಿ ಇರುತ್ತದೆ. ಅಡಿಯಲ್ಲಿ ಸ್ಟೆಪ್ನಿ ಇರುವ ಕಾರಿಗೆ ಅಂತಲೇ ಬೀಗ ಸಿಗುತ್ತದೆ. ಇಲ್ಲದಿದ್ದರೆ ಪ್ಲಾಸ್ಟಿಕ್ ಹೊದಿಕೆಯ ಗಟ್ಟಿ ಸರಪಳಿಯನ್ನು ಡಿಸ್ಕ್ ತೂತಿನಲ್ಲಿ ತೂರಿಸಿ, ಚಾಸಿ ಕಡೆಗೆ ಬಿಗಿದು ಬೀಗ ಹಾಕಿ. ಬ್ರೇಕ್ ಪೈಪ್‌ಗೂ ಸೈಲೆನ್ಸರ್‌ಗೂ ತಾಗಬಾರದು. ಬೀಗದ ತೂತು ಕೆಳಮುಖ ಇರಲಿ, ಮೇಲೆ ರಬ್ಬರ್ ಟ್ಯೂಬ್ ತುಂಡು ಸುತ್ತಿ, ಕೆಸರು ಹೋಗಲ್ಲ. ಅಪ್ಪನಿಗೂ ಬೀಗದ ಕೈ ಎಲ್ಲಿದೆ ಅಂತ ತೋರಿಸಿಡಿ. ಹಾಗೇ ಆ ಸ್ಟೆಪ್ನಿಯ ಗಾಳಿ ಒಮ್ಮೆ ನೋಡಿಸಿ, ಅಡಿಯಲ್ಲಿರುವ ಸ್ಟೆಪ್ನಿ ಬಿಚ್ಚಿದಾಗ ಹೆಚ್ಚಿನವು ಅರ್ಧ ಗಾಳಿಯಲ್ಲೇ ಇರುತ್ತವೆ.

ರಾಜಾಜಿನಗರ_ಐ20

ಸರಿ ಅಣ್ಣ, ಭಾನುವಾರ ಎರಡನ್ನೂ ಮಾಡಿಸ್ತೀನಿ.